ಎರಡು ಬಾಕ್ಸು, ಮೂರು ಕಿವಿ

ಜನವರಿ 3, 1988

ಹಾಲಿನ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿವರ್ಷ ಇಂಥದ್ದೊಂದು ಬರುತ್ತದೆ, ಪ್ರತಿವರ್ಷ ನಮ್ಮತ್ತೆ ಅದರ ಹಾಳೆ ಹರಿದು ಒಲೆ ಹೊತ್ತಿಸುತ್ತಾರೆ. ಈ ಸಲ ನಾನು ಎತ್ತಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಈಗ ಎಲ್ಲವನ್ನೂ ಜೋರಾಗಿ ಹೇಳಬೇಕು. ಊಟಕ್ಕೆ ಬನ್ನಿ ಅನ್ನುವುದನ್ನೂ ಕೂಗಬೇಕು, ಯಾಕೋ ಬೇಜಾರಾಗಿದೆ ಅನ್ನುವುದನ್ನೂ ಕೂಗಬೇಕು. ಮೆಲ್ಲಗೆ ಹೇಳುವ ಮಾತುಗಳಿಗೆ ಒಂದು ಜಾಗ ಬೇಕಾಗಿತ್ತು.

ದೀಪಾವಳಿ ಕಳೆದ ಮೇಲೆ ನಮ್ಮ ಯಜಮಾನರಿಗೆ ಬಂದ ಜ್ವರ ವಾರದಲ್ಲಿ ಬಿಟ್ಟಿತು. ಬಿಡುವಾಗ ಇವರ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಬೆಂಗಳೂರಿನ ಡಾಕ್ಟರು ಒಳಗಿನ ನರ ಹೋಗಿದೆ, ಅದು ವಾಪಸು ಬರುವುದಿಲ್ಲ ಎಂದರು. ಬಲಗಿವಿಯನ್ನು ಜೋಪಾನ ಮಾಡಿ, ಅದರಲ್ಲಿ ಗುಂಯ್ ಎನ್ನುವ ಸದ್ದು ಶುರುವಾದರೆ ಆ ದಿನವೇ ಬನ್ನಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ಇವರು ನನ್ನನ್ನು ಎಬ್ಬಿಸಿ ತಮ್ಮ ಬಲಗಡೆ ಕೂರಿಸಿಕೊಂಡರು. ಮದುವೆಯಾದಾಗಿನಿಂದ ಎಡಗಡೆಯೇ ಕೂತು ಬಂದವಳು ನಾನು. ಕಿಟಕಿಯ ಆಚೆ ನೋಡುತ್ತಾ ಬಂದೆ.

ಜನವರಿ 9

ಇವತ್ತು ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದಾಗ ಇವರು ಇದ್ದಕ್ಕಿದ್ದಂತೆ ಕುಡುಗೋಲು ಕೆಳಗಿಟ್ಟು ಹೇಳಿದರು.

"ಮಾಯಿ, ಮುಂದಿನ ಬೆಳೆ ಗೂಡಿನ ದುಡ್ಡಲ್ಲಿ ಒಂದು ಸ್ಟೀರಿಯೋ ತಂದ್ಬುಡಾನ ಕಣೆ. ಕೇಳೋ ಕಿವಿ ಇರೋವಾಗ್ಲೇ ಒಸಿ ಚೆನ್ನಾಗಿ ಕೇಳ್ಬುಡಾನ."

ನಾನು ಹೂಂ ಅಂದೆ.

ಅಕ್ಕೂರಿನಲ್ಲಿ ಕರ್ನಾಟಕ ಸಂಗೀತ ಕೇಳುವ ಬೇಸಾಯಗಾರ ಎಂದರೆ ಇವರೊಬ್ಬರೇ. ಚಿಕ್ಕ ವಯಸ್ಸಿನಲ್ಲಿ ಚನ್ನಪಟ್ಟಣದ ರಾಮನವಮಿ ಕಚೇರಿಗೆ ಬಾಳೆಎಲೆ ಹಾಕಲು ಹೋದವರು, ಚಪ್ಪರದ ಹೊರಗೆ ನಿಂತು ಕೇಳುತ್ತಾ ಗಾಡಿಯನ್ನೂ ಎತ್ತುಗಳನ್ನೂ ಮರೆತರಂತೆ. ಅಲ್ಲಿಂದ ಹತ್ತಿಕೊಂಡಿದ್ದು. ಈಗಲೂ ಬೆಳಿಗ್ಗೆ ರೇಡಿಯೋದಲ್ಲಿ ಸಂಗೀತ ಬರುವ ಹೊತ್ತಿಗೆ ಟ್ರಾನ್ಸಿಸ್ಟರನ್ನು ಬೇಲಿಯ ಕಂಬಕ್ಕೆ ನೇತುಹಾಕಿ ಕೆಲಸ ಮಾಡುತ್ತಾರೆ. ಆಲಾಪನೆ ನಡೆಯುವಾಗ ಕುಡುಗೋಲು ತಾನಾಗಿ ನಿಧಾನವಾಗುತ್ತದೆ. ಈಗ ಹಾಡುತ್ತಿದ್ದಾರೆ, ಈಗ ವಾರ್ತೆ ಬಂತು ಎಂದು ನಾನು ದೂರದಿಂದ ಇವರ ಕೈ ನೋಡಿಯೇ ಹೇಳುತ್ತೇನೆ. ನನಗೇನೋ ಎಲ್ಲ ರಾಗವೂ ಒಂದೇ. ಎಳೆದೆಳೆದು ಹಾಡುತ್ತಾರೆ, ಯಾವಾಗಲೋ ಮುಗಿಯುತ್ತದೆ. ಆದರೆ ಅದನ್ನು ಕೇಳುವಾಗಿನ ಇವರ ಮುಖ ನೋಡುವುದು ನನಗೆ ಇಷ್ಟ. ಅಷ್ಟು ಶಾಂತವಾದ ಮುಖ ಅಕ್ಕೂರಿನಲ್ಲಿ ಇನ್ನೊಂದಿಲ್ಲ.

ಅತ್ತೆ ಬೈರಮ್ಮನವರಿಗೆ ವಿಷಯ ತಿಳಿದು, ಕಿವಿ ಹೋದ ಮೇಲೆ ಹಾಡಿನ ಪೆಟ್ಟಿಗೆ ತರುವವನನ್ನು ಇವನೊಬ್ಬನನ್ನೇ ಕಂಡಿದ್ದು ಎಂದು ಗೊಣಗಿದರು. ಇವರಿಗೆ ಕೇಳಿಸದ ಕಡೆ ಕೂತು ಗೊಣಗಿದರು. ಅದು ಅವರ ಒಳ್ಳೆಯತನ.

ಜನವರಿ 17

ರಾಮನಗರದ ಮಾರುಕಟ್ಟೆಗೆ ಗೂಡು ಹಾಕಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ನಮ್ಮ ಗೂಡನ್ನು ಹಲವು ಸಲ ಕೊಂಡಿರುವ ಮುಕ್ತಿಯಾರ್ ಸಾಹೇಬರು ನೂಲು ಬಿಚ್ಚಾಣಿಕೆ ಮಾಡುವವರು. ಅವರ ಮನೆಯಲ್ಲಿರುವ ಸ್ಟೀರಿಯೋ ಕೇಳಬೇಕೆಂದು ಇವರಿಗೆ ಎಷ್ಟೋ ದಿನದ ಆಸೆ. ಹರಾಜು ಮುಗಿದ ಮೇಲೆ ಅವರೇ ಮನೆಗೆ ಕರೆದರು.

ಅವರ ಹೆಂಡತಿ ಫಿರೋಜಾ ನನಗೆ ಚಾಪೆ ಹಾಕಿ ಚಹಾ ಕೊಟ್ಟರು. ಸಾಹೇಬರು ಹಿಂದೂಸ್ತಾನಿ ಸಿತಾರಿನ ಒಂದು ಕ್ಯಾಸೆಟ್ ಹಾಕಿದರು. ಮೂಲೆಗೊಂದು ಕರೀ ಬಾಕ್ಸು ಇತ್ತು. ಆದರೆ ಸಿತಾರು ಆ ಬಾಕ್ಸಿನಿಂದಲೂ ಬರಲಿಲ್ಲ, ಈ ಬಾಕ್ಸಿನಿಂದಲೂ ಬರಲಿಲ್ಲ. ನಡುವೆ, ಕ್ಯಾಲೆಂಡರ್ ನೇತುಹಾಕಿದ್ದ ಬರೀ ಗೋಡೆಯಿಂದ ಬಂತು. ನಾನು ಮೆಲ್ಲಗೆ ಎದ್ದು ಕ್ಯಾಲೆಂಡರಿನ ಹಿಂದೆ ಏನಾದರೂ ಇದೆಯೇ ಎಂದು ನೋಡಿದೆ. ಫಿರೋಜಾ ನಕ್ಕು, ಮೊದಲ ದಿನ ತಾನೂ ಹಾಗೇ ನೋಡಿದ್ದಾಗಿ ಹೇಳಿದರು.

ಇವರು ನನ್ನ ಕಡೆ ನೋಡಿದರು. ಆ ಗೋಡೆಯ ಸಿತಾರು ಇವರಿಗಿಲ್ಲ ಎಂದು ಆಗ ಹೊಳೆಯಿತು. ಒಂದೇ ಕಿವಿಗೆ ಎಲ್ಲವೂ ಒಂದೇ ಕಡೆಯಿಂದ ಬರುತ್ತದಂತೆ.

"ಎಡಗಡೆ ಏನೈತೆ ಮಾಯಿ?" ಎಂದು ಕೇಳಿದರು.

ತಬಲ ಅಂದೆ. ತಲೆಯಾಡಿಸಿದರು. ಆಮೇಲೆ ಹಾಡು ಮುಗಿಯುವವರೆಗೂ ನಾನು ಎಡಗಡೆಯನ್ನೇ ಕಾಯುತ್ತಾ ಕೂತೆ, ಇನ್ನೊಂದು ಸಲ ಕೇಳಿದರೆ ಹೇಳಬೇಕಲ್ಲ ಎಂದು.

ಹೊರಡುವಾಗ ಸಾಹೇಬರು ಒಂದು ಬುದ್ಧಿ ಹೇಳಿದರು. ಅಂಗಡಿಯವರು ಹಾಕುವ ಕ್ಯಾಸೆಟ್ ಕೇಳಿ ಸೆಟ್ಟು ಕೊಳ್ಳಬೇಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಎಲ್ಲ ಅಂಗಡಿಯಲ್ಲೂ ಅದನ್ನೇ ಹಾಕಿಸಿ ಎಂದು.

ಜನವರಿ 24

ಚನ್ನಪಟ್ಟಣದ ದಾಸಪ್ಪನ ಅಂಗಡಿಗೆ ಹೋಗಿದ್ದೆವು. ಇವರು ಜೇಬಿನಲ್ಲಿಟ್ಟುಕೊಂಡು ಹೋಗಿದ್ದು ವಯಸ್ಸಾದ ವಿದ್ವಾಂಸರೊಬ್ಬರ ಕಲ್ಯಾಣಿ ರಾಗದ ಕ್ಯಾಸೆಟ್. ಅವರು ತೊಡೆಯ ಮೇಲೆ ತಾಳ ಹಾಕುವ ಸದ್ದು ಅದರಲ್ಲಿದೆಯಂತೆ. ನಮ್ಮ ಮನೆಯ ಹಳೇ ಟೇಪ್‌ರೆಕಾರ್ಡರಿನಲ್ಲಿ ಅದು ಕೇಳುವುದಿಲ್ಲ, ಕೊಂಡ ದಿನ ಕ್ಯಾಸೆಟ್ ಅಂಗಡಿಯ ಸೆಟ್ಟಿನಲ್ಲಿ ಕೇಳಿತ್ತಂತೆ.

ದಾಸಪ್ಪ ತೋರಿಸಿದ ಸೆಟ್ಟು ಮದುವೆ ಮನೆಯ ಹಾಗಿತ್ತು. ಹಾಡಿಗೆ ಸರಿಯಾಗಿ ಕೆಂಪು, ಹಸಿರು ದೀಪಗಳು ಏರಿ ಇಳಿಯುತ್ತಿದ್ದವು. ಮೃದಂಗ ಬಾರಿಸಿದರೆ ನನ್ನ ಎದೆಯೊಳಗೆ ಗುದ್ದಿದ ಹಾಗಾಗುತ್ತಿತ್ತು. ಪಾಪ ಆ ವಿದ್ವಾಂಸರು ಬಾವಿಯೊಳಗೆ ಕೂತು ಹಾಡುತ್ತಿರುವ ಹಾಗೆ ಕೇಳಿತು. ಇವರು ಬಲಗಿವಿಯನ್ನು ಒಂದು ಸಲ ಈ ಬಾಕ್ಸಿಗೆ, ಒಂದು ಸಲ ಆ ಬಾಕ್ಸಿಗೆ ಕೊಟ್ಟು ಕೇಳುವುದನ್ನು ನೋಡಿ ದಾಸಪ್ಪನಿಗೆ ವಿಷಯ ಗೊತ್ತಾಯಿತು. ಅವನು ಕೆಟ್ಟವನಲ್ಲ. ಇವರ ಹಣ ಉಳಿಸಲೆಂದೇ ಹೇಳಿದ.

"ಬೋರಲಿಂಗಣ್ಣ, ಒಂದು ಕಿವಿಗೆ ಎರಡು ಬಾಕ್ಸು ಯಾಕಣ್ಣ ಸುಮ್ಕೆ? ಒಂದು ಬಾಕ್ಸಿಂದೇ ತಗಂಡೋಗು, ಸಾಕು."

ಇವರು ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅದರ ಡಬ್ಬಿಗೆ ಹಾಕಿ, ಜೇಬಿಗಿಟ್ಟುಕೊಂಡು ಬಾಗಿಲ ಕಡೆ ತಿರುಗಿದರು. ಅದನ್ನು ನೋಡಲಾಗದೆ ನನ್ನ ಬಾಯಿಂದ ಬಂದುಬಿಟ್ಟಿತು.

"ಒಂದಲ್ಲ ಕಣಪ್ಪ, ಮೂರು. ನನ್ನವೆರಡು ನೀನು ಲೆಕ್ಕಕ್ಕೇ ತಗಳ್ಳಿಲ್ವಲ್ಲ."

ದಾಸಪ್ಪ ನಕ್ಕ. ಇವರು ನಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಮೊಳ ಮಲ್ಲಿಗೆ ಕೊಡಿಸಿದರು.

ಫೆಬ್ರವರಿ 2

ಮೊಟ್ಟೆ ಒಡೆದು ಹುಳು ಬಂದಿವೆ. ಇನ್ನು ಒಂದು ತಿಂಗಳು ಬಿಡುವಿಲ್ಲ. ಈ ಬೆಳೆಯೇ ಸ್ಟೀರಿಯೋ ಬೆಳೆ ಎಂದು ಇವರು ಎಳೆ ಸೊಪ್ಪನ್ನು ಚಕ್ಕುಲಿಗೆ ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಕತ್ತರಿಸಿ ಉದುರಿಸುತ್ತಾರೆ.

ಅವತ್ತು ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದಕ್ಕೆ ಸಂಜೆಗಳಲ್ಲಿ ನನಗೆ ಪಾಠ. ಹಳೇ ಟೇಪ್‌ರೆಕಾರ್ಡರಿನಲ್ಲಿ ಆ ಕಲ್ಯಾಣಿಯನ್ನೇ ಹಾಕಿ, ತಂಬೂರಿ ಎಲ್ಲಿದೆ ಹೇಳು, ಪಿಟೀಲು ಹಾಡುವವರ ಹಿಂದೆ ಎಷ್ಟು ದೂರದಲ್ಲಿ ಬರುತ್ತಿದೆ ಹೇಳು ಎನ್ನುತ್ತಾರೆ. ತಂಬೂರಿ ಸಿಕ್ಕಿತು. ಎಲ್ಲದರ ಅಡಿಯಲ್ಲಿ, ನುಚ್ಚು ಬೇಯುವ ಹಾಗೆ ಒಂದೇ ಸಮ ಇರುತ್ತದೆ. ಪಿಟೀಲಿನದು ಕಷ್ಟ. ಕರು ತಾಯಿಯ ಹಿಂದೆ ಬರುವ ಹಾಗೆ, ಒಮ್ಮೆ ಒತ್ತಿಕೊಂಡು ಒಮ್ಮೆ ಹಿಂದುಳಿದು ಬರುತ್ತದೆ ಅಂದೆ. ತಪ್ಪೋ ಸರಿಯೋ, ಇವರು ಅದೇ ಸಾಲನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು.

ಫೆಬ್ರವರಿ 11

ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ನಿಂತು ಬಲಗಿವಿಯನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದರು. ಗುಂಯ್ ಎನ್ನುತ್ತಿದೆಯಂತೆ. ಹುಳು ಮೂರನೇ ಸಲ ಪೊರೆ ಬಿಡಲು ಕೂತಿವೆ. ಅತ್ತೆ ನನ್ನ ಕೈಯಿಂದ ಸೊಪ್ಪಿನ ಮಂಕರಿ ಕಿತ್ತುಕೊಂಡು, ನಾನಿದ್ದೀನಿ ಹೊರಡು ಎಂದರು. ಸಿಕ್ಕಿದ ಮೊದಲ ಬಸ್ಸಿಗೆ ಬೆಂಗಳೂರಿಗೆ ಬಂದೆವು. ಇವರಿಗೆ ಹಾಸಿಗೆ ಕೊಟ್ಟಿದ್ದಾರೆ.

ಫೆಬ್ರವರಿ 13

ಏನೂ ಕೇಳುತ್ತಿಲ್ಲ ಎಂದರು. ಬೇರೇನೂ ಬರೆಯಲಾರೆ.

ಫೆಬ್ರವರಿ 17

ಮನೆಗೆ ಬಂದೆವು. ಮಾತ್ರೆ ಕೊಟ್ಟಿದ್ದಾರೆ. ಬಂದರೂ ಬರಬಹುದು, ಬರದೆಯೂ ಇರಬಹುದು, ಸ್ವಲ್ಪ ದಿನ ನೋಡೋಣ ಎಂದಿದ್ದಾರೆ.

ಅತ್ತೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಸೊಂಟ ಬಗ್ಗಿದ ಆ ಮುದುಕಿ ಒಂದು ತಟ್ಟೆ ಹುಳವನ್ನೂ ಕೆಡಿಸದೆ ಕಾಪಾಡಿದ್ದಾರೆ. ಮಗನಿಗೆ ಬಿಸಿ ಮುದ್ದೆ ಮುರಿದು ತಟ್ಟೆಗೆ ಹಾಕಿ ಎದುರಿಗೆ ಕೂತರು.

ಊಟವಾದ ಮೇಲೆ ಇವರು ಹೇಳಿದರು. ದನಿ ತಮಗೇ ಕೇಳದ್ದರಿಂದ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು.

"ಸ್ಟೀರಿಯೋ ಬ್ಯಾಡ ಕಣೆ. ಆ ದುಡ್ಡಲ್ಲಿ ನಿಂಗೊಂದು ಜೊತೆ ಬಳೆ ಮಾಡ್ಸಾನ."

ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಫೆಬ್ರವರಿ 20

ಇವತ್ತು ನಡೆದದ್ದನ್ನು ಮರೆಯುವ ಮೊದಲು ಬರೆದಿಡಬೇಕು.

ಇವರು ಮೂರು ದಿನದಿಂದ ಗೋಡೆಗೆ ಒರಗಿ ಕೂತಿದ್ದರು. ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ ಬಂದವಳಿಗೆ ಏನನ್ನಿಸಿತೋ, ಟೇಪ್‌ರೆಕಾರ್ಡರ್ ತಂದು ಇವರ ಎದುರಿಗಿಟ್ಟು ಕಲ್ಯಾಣಿಯನ್ನು ಹಾಕಿದೆ. ಇವರು ಬೇಡ ಎಂದು ಕೈಯಾಡಿಸಿದರು. ನಾನು ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ, ಕೇಳಿದ್ದನ್ನು ಇವರಿಗೆ ಕಾಣುವ ಹಾಗೆ ಬರೆಯಲು ಶುರುಮಾಡಿದೆ. ತಂಬೂರಿ ಶುರುವಾಯಿತು. ಹಾಡುವವರು ಒಂದು ಸಲ ಕೆಮ್ಮಿದರು. ಈಗ ಕೆಳಗಿನಿಂದ ಹೊರಟಿದ್ದಾರೆ, ಅವಸರವಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತಾರೆ. ಪಿಟೀಲು ಅವರು ನಿಂತಲ್ಲೆಲ್ಲ ಬಂದು ನಿಲ್ಲುತ್ತದೆ. ಈಗ ತುಂಬಾ ಮೇಲೆ ಹೋದರು. ಅಲ್ಲೇ ಇದ್ದಾರೆ. ಇಳಿಯಲು ಮನಸ್ಸಿಲ್ಲ.

ಅಷ್ಟು ಓದಿದ ಇವರು ಕಣ್ಣು ಮುಚ್ಚಿ, ಬಾಯೊಳಗೆ ಒಂದು ಸಾಲು ಗುನುಗಿದರು. ನನ್ನ ಕೈ ನಿಂತಿತು. ಇವರು ಗುನುಗಿ ಮುಗಿಸುವುದಕ್ಕೂ ಟೇಪಿನಲ್ಲಿ ಅವರು ಅದೇ ಸಾಲು ಹಿಡಿದು ಇಳಿಯುವುದಕ್ಕೂ ಸರಿಹೋಯಿತು. ಒಂದು ಚೂರೂ ಆಚೀಚೆ ಇಲ್ಲ. ಕಿವಿ ಎರಡೂ ಮುಚ್ಚಿದ ಮನುಷ್ಯ, ನಾನು ಗೀಚಿದ ನಾಲ್ಕು ಮಾತು ಹಿಡಿದು, ಹಾಡು ಎಲ್ಲಿದೆಯೋ ಅಲ್ಲಿಗೇ ನಡೆದು ಹೋಗಿ ನಿಂತಿದ್ದ. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿ, ಇವರೊಳಗೆ ಇಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹಾಳೆಯ ಮೇಲೆ 'ಸರಿಯಾಗಿ ಬಂತು' ಎಂದು ಬರೆದೆ. ಅದನ್ನು ಓದಿ ಇವರು ಅತ್ತರು.

ಕ್ಯಾಸೆಟ್ ತಿರುಗಿಸಿ ಹಾಕಿದೆ. ಸಂಜೆ ಸೊಪ್ಪು ಹಾಕುವುದು ತಡವಾಯಿತು. ಅತ್ತೆ ಬೈಯಲಿಲ್ಲ.

ಫೆಬ್ರವರಿ 24

ಹುಳು ದೊಡ್ಡವಾಗಿವೆ, ಹಗಲು ರಾತ್ರಿ ತಿನ್ನುತ್ತವೆ. ಬೆಳಿಗ್ಗೆ ಇವರೇ ಎದ್ದು ನನ್ನ ಜೊತೆ ಹುಳುಮನೆಗೆ ಬಂದರು. ಸೊಪ್ಪು ಹಾಕುತ್ತಿದ್ದವರು ಕತ್ತೆತ್ತಿ ಸೂರಿನ ಕಡೆ ನೋಡಿದರು.

"ಮಳೆ ಬತ್ತೈತಾ ಮಾಯಿ?"

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಅದು. ನಾನು ಮಂಕರಿ ಕೆಳಗಿಟ್ಟು, ಅತ್ತೇ ಎಂದು ಕೂಗಿದೆ. ಇವರು ಆ ಕೂಗಿಗೆ ತಿರುಗಿ ನೋಡಿದರು.

ಮಾರ್ಚ್ 6

ಬಲಗಿವಿ ಮುಕ್ಕಾಲು ಪಾಲು ಬಂದಿದೆ. ಇನ್ನು ಇಷ್ಟೇ ಇರಬಹುದು, ಇದಕ್ಕೇ ಖುಷಿಪಡಿ ಎಂದು ಡಾಕ್ಟರು ಹೇಳಿದರು. ಗೂಡು ಚೆನ್ನಾಗಿ ಬಂತು, ಮುಕ್ತಿಯಾರ್ ಸಾಹೇಬರೇ ಹರಾಜಿನಲ್ಲಿ ಹಿಡಿದರು. ಬಳೆಯ ಮಾತೆತ್ತಿದರೆ ನಾನು ತೌರಿಗೆ ಹೋಗುತ್ತೇನೆ ಎಂದು ಇವರಿಗೆ ಹೇಳಿದ್ದೇನೆ. ಆದರೆ ಆ ದುಡ್ಡಿನೊಳಗೇ ಸೆಟ್ಟು ಬರಬೇಕು, ಅದರ ಮೇಲಿಲ್ಲ.

ಮಾಗಡಿಯಲ್ಲಿ ಅಕ್ಕಿ ಗಿರಣಿಯ ಗಂಗಹನುಮಯ್ಯ ಎಂಬುವರು ಹೊಸದು ಕೊಂಡು ಹಳೆಯದನ್ನು ಮಾರುತ್ತಾರೆಂದು ತಿಳಿದು ಇವತ್ತು ಹೋಗಿದ್ದೆವು. ಎಂಥ ಸೆಟ್ಟು! ಸೊಂಟದೆತ್ತರದ ಮರದ ಬಾಕ್ಸುಗಳು, ಮುಟ್ಟಿದರೆ ತಣ್ಣಗೆ. ಇವರು ಕಲ್ಯಾಣಿ ಹಾಕಿಸಿ, ಬಲಗಿವಿ ಕೊಟ್ಟು ಕೂತರು. ತೊಡೆಯ ಮೇಲಿನ ತಾಳ ಕೇಳಿತು. ಇವರ ಮುಖದ ಮೇಲೆ ಆಸ್ಪತ್ರೆಗೆ ಹೋದಾಗಿನಿಂದ ಕಾಣದಿದ್ದ ಶಾಂತಿ ಬಂತು.

ನನಗೆ ಮಾತ್ರ ಎಡಗಡೆ ಏನೋ ಸರಿಯಿರಲಿಲ್ಲ. ಮೃದಂಗದ ದಪ್ಪ ಸದ್ದು ಬಂದಾಗಲೆಲ್ಲ ಅದರ ಬಾಲಕ್ಕೆ ಒಣಗಿದ ತೆಂಗಿನ ಗರಿ ಎಳೆದ ಹಾಗೆ ಪರಪರ ಅನ್ನುತ್ತಿತ್ತು. ಅದು ಇವರಿಗೆ ಕೇಳದ ಕಡೆ. ಹೇಳಲೋ ಬೇಡವೋ. ಹೇಳದಿದ್ದರೆ ಇವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಖುಷಿಯಲ್ಲಿದ್ದರು. ಆದರೆ ಎಡಗಡೆ ಏನಿದೆ ಎಂದು ನನ್ನನ್ನು ನಂಬಿ ಕೇಳುವವರಿಗೆ ಸುಳ್ಳು ಹೇಳುವುದು ಹೇಗೆ. ಹೇಳಿದೆ. ಇವರು ಎದ್ದು ಕುರ್ಚಿಯನ್ನೇ ತಿರುಗಿಸಿ, ಬಲಗಿವಿಯನ್ನು ಎಡಗಡೆಯ ಬಾಕ್ಸಿಗೆ ಕೊಟ್ಟು ಕೇಳಿದರು.

"ಔದು ಕಣೆ," ಎಂದರು. "ಒಳಗೆ ಹರಿದದೆ."

ಗಂಗಹನುಮಯ್ಯನವರು ತಾವು ಅದನ್ನು ಗಮನಿಸಿಯೇ ಇರಲಿಲ್ಲವೆಂದು ಪೇಚಾಡಿಕೊಂಡರು. ರಿಪೇರಿಗೆ ಹಾಕಿದರೆ ನಮ್ಮ ದುಡ್ಡಿಗೆ ಮೀರುತ್ತದೆ. ಒಳ್ಳೆ ಕಾಫಿ ಕೊಟ್ಟು ಬಸ್ಸಿನವರೆಗೂ ಬಂದು ಕಳಿಸಿದರು. ದಾರಿಯಲ್ಲಿ ನನಗೇ ಅಳು ಬಂದ ಹಾಗಾಗಿ, ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೇನೋ ಎಂದೆ. ಇವರು ಬಲಗಡೆ ಕೂತಿದ್ದ ನನ್ನ ಕೈ ಹಿಡಿದುಕೊಂಡರು, ಬಸ್ಸಿನಲ್ಲಿ, ಎಲ್ಲರೆದುರಿಗೆ.

ಮಾರ್ಚ್ 13

ರಾಮನಗರದಲ್ಲಿ ಸಾಹೇಬರ ಪರಿಚಯದ ಜಬ್ಬಾರ್ ಅಂಗಡಿ. ನಮ್ಮ ದುಡ್ಡಿಗೆ ಬರುವುದು ಎರಡೇ ಸೆಟ್ಟು. ಒಂದರಲ್ಲಿ ದೀಪಗಳಿವೆ. ಇನ್ನೊಂದು ಬೋಳು, ಮುಂದುಗಡೆ ಮೂರು ತಿರುಪು ಬಿಟ್ಟರೆ ಏನೂ ಇಲ್ಲ, ಬಾಕ್ಸುಗಳು ಸೇರಿನ ಡಬ್ಬಗಳ ಹಾಗೆ ಚಿಕ್ಕವು. ಅದು ಯಾರಿಗೂ ಬೇಡವಾಗಿ ಕೂತಿದೆ ಎಂದು ಜಬ್ಬಾರ್ ತಾನೇ ಹೇಳಿದ.

ಇವರು ಒಳಗೆ ಸೆಕೆ ಎಂದು ಎದ್ದು ಹೋಗಿ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತುಬಿಟ್ಟರು. ಇಷ್ಟು ದೊಡ್ಡ ಕೆಲಸ ನನ್ನ ತಲೆಗೆ ಕಟ್ಟಿ ಹೋಗುವುದೇ? ನನಗೆ ಸಿಟ್ಟು ಬಂತು. ಬೇರೆ ದಾರಿಯಿಲ್ಲದೆ ಕಲ್ಯಾಣಿಯ ಆ ಇಳಿಯುವ ಸಾಲನ್ನೇ ಅದರಲ್ಲೊಮ್ಮೆ ಇದರಲ್ಲೊಮ್ಮೆ ಹಾಕಿಸಿದೆ. ಬಾಕ್ಸುಗಳನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಡಿಸಿದೆ, ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಸಿದೆ. ದೀಪದ ಸೆಟ್ಟಿನಲ್ಲಿ ಎಲ್ಲರೂ ಸಂತೆಯಲ್ಲಿದ್ದ ಹಾಗೆ ಮೇಲೆ ಬಿದ್ದು ಹಾಡುತ್ತಾರೆ. ಬೋಳು ಸೆಟ್ಟಿನಲ್ಲಿ ಸದ್ದು ಕಡಿಮೆ, ಆದರೆ ಪಿಟೀಲಿನವರು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಹಾಡುವವರು ನಡುವೆ ಇದ್ದಾರೆ, ಅವರ ಸುತ್ತ ಗಾಳಿ ಓಡಾಡುವಷ್ಟು ಜಾಗ ಇದೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲು ತಂಬೂರಿ ಒಂದೇ ಉಳಿಯುತ್ತದಲ್ಲ, ಆಗ ಅದು ನಿಜವಾಗಿ ಉಳಿಯುತ್ತದೆ.

ಇದೇ ಕೊಡಿ ಅಂದೆ. ಇವರು ಬಂದು ಒಂದು ಸಲ ಕೂಡ ಕೇಳಿ ನೋಡದೆ ದುಡ್ಡು ಕೊಟ್ಟರು.

ಮಾರ್ಚ್ 15

ಸೆಟ್ಟು ಜೋಡಿಸಿದ್ದಾಯಿತು. ಇವರಿಗೆ ಸರಿಯಾಗುವಂತೆ ನಾನು ಬಾಕ್ಸುಗಳನ್ನು ಬಲಕ್ಕೆ ತಿರುಗಿಸಿ ಇಟ್ಟರೆ, ಇವರು ಎದ್ದು ಹೋಗಿ ನೆಟ್ಟಗೆ ಇಟ್ಟರು. ಚಾಪೆಯನ್ನು ಎರಡಕ್ಕೂ ಸರಿನಡುವೆ ಹಾಕಿ ಅಲ್ಲಿ ನನ್ನನ್ನು ಕೂರಿಸಿದರು. ತಾವು ನನ್ನ ಎಡಗಡೆ, ಬಲಗಿವಿ ನನ್ನ ಕಡೆಗೆ ಬರುವ ಹಾಗೆ ಕೂತರು. ಸುಮ್ಮನೆ ಕೂರುವುದು ಹೇಗೆ ಎಂದು ನಾನು ಹುಣಸೆಹಣ್ಣಿನ ಬೀಜ ಬಿಡಿಸಲು ತಂದಿಟ್ಟುಕೊಂಡೆ. ಅತ್ತೆ ಬಾಗಿಲ ಹತ್ತಿರ ಕೂತು, ಇವನು ನಮ್ಮ ಮನೆಯೊಳಗೇ ಇದ್ದಾನಲ್ಲೇ ಎಂದು ಆ ವಿದ್ವಾಂಸರ ದನಿಗೆ ಸೆರಗು ಸರಿಮಾಡಿಕೊಂಡರು.

ಮಾರ್ಚ್ 29

ಫಿರೋಜಾ ಹೇಳಿಕಳಿಸಿದ್ದಾರೆ. ಅವರ ತಮ್ಮ ಒಂದು ಸೆಟ್ಟು ಕೊಳ್ಳಬೇಕಂತೆ, ನಾನು ಜೊತೆಗೆ ಬಂದು ನೋಡಬೇಕಂತೆ. ನನಗೇನು ಗೊತ್ತು, ಇವರನ್ನು ಕರೆಯಬೇಕು ಅಲ್ಲವೇ. ಆದರೂ ಕರೆದಿದ್ದಾರೆಂದು ಭಾನುವಾರ ಹೋಗಿ ಬರುತ್ತೇನೆ. ಅವರು ಇಡುವ ಕೋಣೆ ತೀರಾ ಚಿಕ್ಕದಾದರೆ ದೊಡ್ಡ ಬಾಕ್ಸು ಬೇಡ ಎಂದು ಹೇಳಬೇಕು, ಮೃದಂಗ ಮೂಲೆಯಲ್ಲಿ ಗುಂಯ್‌ಗುಟ್ಟಿ ಎಲ್ಲವನ್ನೂ ನುಂಗುತ್ತದೆ.

ಏಪ್ರಿಲ್ 10

ಇವರು ಗೂಡು ಹಾಕಲು ಬೆಳಿಗ್ಗೆಯೇ ರಾಮನಗರಕ್ಕೆ ಹೋಗಿದ್ದರು. ಅತ್ತೆ ಕಬ್ಬಾಳಮ್ಮನ ದರ್ಶನಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಸೆಟ್ಟಿನ ಮೇಲೆ ಧೂಳು ಕೂತಿತ್ತು, ಒರೆಸಿದೆ. ಒರೆಸಿದ ಮೇಲೆ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಬೇಕಲ್ಲ ಎಂದು ಇವರು ಹೊಸದಾಗಿ ತಂದ ವೀಣೆಯ ಕ್ಯಾಸೆಟ್ ಹಾಕಿದೆ. ತೋಡಿ ಎಂದು ಬರೆದಿದೆ. ಕಲ್ಯಾಣಿಯ ಹಾಗಲ್ಲ ಇದು. ಕಲ್ಯಾಣಿ ಬೆಳಕಿನಲ್ಲಿ ಹತ್ತಿ ಹೋಗುತ್ತದೆ, ಇದು ಒಂದೇ ಕಡೆ ನಿಂತು ನಡುಗುತ್ತದೆ. ಒಂದು ಸ್ವರ ಮೀಟಿ ಬಿಟ್ಟ ಮೇಲೆ ಅದು ಎಲ್ಲಿ ಮುಗಿಯುತ್ತದೆ ಎಂದು ಹಿಂದೆಯೇ ಹೋದರೆ, ಮುಗಿಯಿತು ಅನ್ನುವಾಗ ಇನ್ನೂ ಸ್ವಲ್ಪ ಇರುತ್ತದೆ. ನಡುವೆ ಒಂದು ಕಡೆ ವೀಣೆಯವರು ಎಷ್ಟು ಹೊತ್ತು ಇಳಿಯದೆ ನಿಂತರೆಂದರೆ ನನಗೆ ಕೈಯಲ್ಲಿದ್ದ ಬಟ್ಟೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಕ್ಯಾಸೆಟ್ ಮುಗಿದು ಟಕ್ಕೆಂದಾಗ ತಿರುಗಿ ನೋಡಿದರೆ ಇವರು ಬಾಗಿಲಲ್ಲಿ ನಿಂತಿದ್ದಾರೆ, ಹೆಗಲ ಮೇಲೆ ಗೂಡಿನ ಖಾಲಿ ಚೀಲ. ಒಲೆಯ ಮೇಲೆ ಏನೂ ಇಟ್ಟಿಲ್ಲ ಎಂದು ಆಗ ನೆನಪಾಯಿತು. ಬಿಸಿಲಲ್ಲಿ ಬಂದವರು ನೀರಾದರೂ ಕೇಳಬಾರದೇ ಎಂದು ಕೇಳಿದೆ. ಬರುತ್ತಿದ್ದಂತೆಯೇ ಕರೆದರಂತೆ. ಜಗುಲಿಯಿಂದ ಒಂದು ಸಲ, ಬಾಗಿಲಿಗೆ ಬಂದು ಮತ್ತೊಂದು ಸಲ. ನನಗೆ ಕೇಳಿಸಲೇ ಇಲ್ಲ.